ಯೀಸ್ಟ್ ಒಂದೇ, ಫಲಿತಾಂಶ ಮೂರು: ಆಹಾರ ಪರೀಕ್ಷೆಯ ವರದಿಯನ್ನು ಓದುವ ಬಗೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಸಭಿಕರು ಕೇಳಿದ ಮೂರು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಹೊಟ್ಟೆ ಉಬ್ಬರ, ತಲೆನೋವು, ಸುಸ್ತು, ಮೈ ತುರಿಕೆ. ಇಂಥವು ತಿಂಗಳುಗಟ್ಟಲೆ ಬಿಡದೆ ಕಾಡಿ, ಮಾಮೂಲಿ ರಕ್ತಪರೀಕ್ಷೆಗಳೆಲ್ಲ ನಾರ್ಮಲ್ ಎಂದು ಬಂದಾಗ, ತಿನ್ನುವ ಆಹಾರದ ಮೇಲೆ ಅನುಮಾನ ಹುಟ್ಟುವುದು ಸಹಜ. ಆಗ ಯಾರಾದರೂ, ಯಾವ ಆಹಾರ ಒಗ್ಗುವುದಿಲ್ಲ ಎಂದು ತಿಳಿಸುತ್ತದೆ ಎನ್ನಲಾಗುವ ‘ಫುಡ್ ಇನ್‌ಟಾಲರೆನ್ಸ್ ಟೆಸ್ಟ್’ ಮಾಡಿಸಿ ನೋಡಿ ಎನ್ನುತ್ತಾರೆ. ಬೆರಳ ತುದಿಯಿಂದ ಕೆಲವು ಹನಿ ರಕ್ತ ಕೊಟ್ಟರೆ ಸಾಕು, ನೂರಾರು ಆಹಾರಗಳ ಹೆಸರಿರುವ ವರದಿ ಬರುತ್ತದೆ. ಪ್ರತಿ ಹೆಸರಿನ ಮುಂದೆ ಒಂದು ಸಂಖ್ಯೆ, ಒಂದು ಬಣ್ಣ: ಹಸಿರು, ಹಳದಿ, ಕೆಂಪು.

ಈ ವರದಿಗಳಲ್ಲಿ ಜನರನ್ನು ಅತಿ ಹೆಚ್ಚು ಗೊಂದಲಕ್ಕೆ ಕೆಡವುವುದು ಯೀಸ್ಟಿನ ಸಾಲುಗಳು. ಬೇಕರ್ಸ್ ಯೀಸ್ಟ್ ಕೆಂಪು. ಅದರ ಕೆಳಗೇ ಬ್ರೂವರ್ಸ್ ಯೀಸ್ಟ್ ಹಸಿರು. ಇನ್ನೊಂದು ಪುಟದಲ್ಲಿ ಕ್ಯಾಂಡಿಡಾ ಎಂಬ ಬೇರೊಂದು ಯೀಸ್ಟ್ ಹಳದಿ. ಗೋಧಿ ಪೂರ್ತಿ ಹಸಿರು. ಈಗ ಬ್ರೆಡ್ ತಿನ್ನಬಹುದೋ ಬಾರದೋ? ಬಿಯರ್ ಕುಡಿಯಬಹುದು, ಬ್ರೆಡ್ ಕೂಡದು ಎಂದು ಅರ್ಥವೇ? ಬ್ರೆಡ್ ಮುಟ್ಟಿಯೇ ವರ್ಷಗಳಾದವರಿಗೂ ಕೆಂಪು ಬಂದರೆ ಅದು ಎಲ್ಲಿಂದ ಬಂತು? ಇಂಥ ವರದಿ ಹಿಡಿದು ಕೂತವರ ಸಂಕಟ ನಿಜವಾದದ್ದು. ಅವರ ಹೊಟ್ಟೆನೋವೂ ನಿಜ. ಆದರೆ ಆ ನೋವಿಗೂ ಆ ಬಣ್ಣಕ್ಕೂ ಇದೆ ಎನ್ನಲಾಗುವ ಸಂಬಂಧ ಎಷ್ಟು ಗಟ್ಟಿ ಎಂಬುದನ್ನು ಇವತ್ತು ನೋಡೋಣ.

ಮೊದಲು ಯೀಸ್ಟ್. ಇದು ಶಿಲೀಂಧ್ರಗಳ ಬಳಗಕ್ಕೆ ಸೇರಿದ ಏಕಕೋಶ ಜೀವಿ. ಬ್ರೆಡ್ ಉಬ್ಬಿಸುವ ಬೇಕರ್ಸ್ ಯೀಸ್ಟಿನ ವೈಜ್ಞಾನಿಕ ಹೆಸರು ಸ್ಯಾಕರೊಮೈಸಿಸ್ ಸೆರೆವಿಸಿಯೆ. ಬ್ರೂವರ್ಸ್ ಯೀಸ್ಟ್ ಎಂದು ಮಾರಾಟವಾಗುವುದರ ಹೆಸರೂ ಸಾಮಾನ್ಯವಾಗಿ ಅದೇ. ತಳಿ ಬೇರೆ, ಪ್ರಭೇದ ಒಂದೇ. ಅಂದರೆ ವರದಿಯ ಎರಡು ಸಾಲುಗಳು ಬಹುಮಟ್ಟಿಗೆ ಒಂದೇ ಜೀವಿಯ ಬಗ್ಗೆ ಮಾತಾಡುತ್ತಿವೆ. ಹಾಗಿದ್ದೂ ಒಂದು ಕೆಂಪು, ಒಂದು ಹಸಿರು ಬರುವುದು ಹೇಗೆ? ಇದಕ್ಕೆ ಉತ್ತರ ನಿಮ್ಮ ದೇಹದಲ್ಲಿ ಹುಡುಕುವ ಮೊದಲು ಪ್ರಯೋಗಾಲಯದ ಮೇಜಿನ ಮೇಲೆ ಹುಡುಕಬೇಕು.

ಅಲ್ಲಿ ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಎಂಟು ಸಾಲು, ಸಾಲಿಗೆ ಹನ್ನೆರಡರಂತೆ ಒಟ್ಟು 96 ಪುಟ್ಟ ಗುಳಿಗಳು. ಒಂದೊಂದು ಗುಳಿಯ ತಳಕ್ಕೂ ಒಂದೊಂದು ಆಹಾರದ ಸಾರವನ್ನು ಮೊದಲೇ ಅಂಟಿಸಿರುತ್ತಾರೆ. ಒಂದರಲ್ಲಿ ಹಾಲಿನ ಪ್ರೋಟೀನು, ಇನ್ನೊಂದರಲ್ಲಿ ಗೋಧಿಯದು, ಮತ್ತೊಂದರಲ್ಲಿ ಯೀಸ್ಟಿನದು. ನಿಮ್ಮ ರಕ್ತದ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವವನ್ನು, ತೆಳ್ಳಗೆ ಮಾಡಿ ಎಲ್ಲ ಗುಳಿಗಳಿಗೂ ಹಾಕುತ್ತಾರೆ. ಹೊರಗಿನ ವಸ್ತುಗಳನ್ನು ಗುರುತಿಸಲು ನಮ್ಮ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಪ್ರೋಟೀನಿಗೆ ಪ್ರತಿಕಾಯ ಎನ್ನುತ್ತಾರೆ. ಸೀರಮ್ಮಿನಲ್ಲಿ ಯೀಸ್ಟನ್ನು ಗುರುತಿಸುವ ಪ್ರತಿಕಾಯ ಇದ್ದರೆ ಅದು ಯೀಸ್ಟಿನ ಗುಳಿಯಲ್ಲಿ ಅಂಟಿಕೊಳ್ಳುತ್ತದೆ. ಉಳಿದದ್ದನ್ನು ತೊಳೆದು ಚೆಲ್ಲುತ್ತಾರೆ. ಆಮೇಲೆ, ಮನುಷ್ಯರ ಪ್ರತಿಕಾಯಕ್ಕೇ ಹೋಗಿ ಅಂಟುವ ಎರಡನೆಯ ಪ್ರತಿಕಾಯವನ್ನು ಹಾಕುತ್ತಾರೆ. ಅದರ ಬೆನ್ನಿಗೊಂದು ಕಿಣ್ವ ಕಟ್ಟಿರುತ್ತದೆ. ಮತ್ತೆ ತೊಳೆದು, ಬಣ್ಣ ಬರಿಸುವ ದ್ರಾವಣ ಹಾಕಿದರೆ ಗುಳಿ ನಿಧಾನವಾಗಿ ನೀಲಿಯಾಗುತ್ತದೆ. ಅದರ ಮೇಲೆ ಆಮ್ಲ ಬಿದ್ದ ಕ್ಷಣ ನೀಲಿ ಹೋಗಿ ಹಳದಿ ನಿಲ್ಲುತ್ತದೆ. ಆ ಹಳದಿ ಎಷ್ಟು ಗಾಢ ಎಂದು ಯಂತ್ರವೊಂದು 450 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯುತ್ತದೆ. ಎಲಿಸಾ ಎಂದು ಕರೆಯುವುದು ಇದನ್ನೇ. ವರದಿಯ ಸಂಖ್ಯೆ ಹುಟ್ಟುವುದು ಈ ಹಳದಿಯಿಂದ.

ಎಲಿಸಾ ಒಳ್ಳೆಯ ತಂತ್ರ. ಎಚ್‌ಐವಿಯಿಂದ ಹಿಡಿದು ಹೆಪಟೈಟಿಸ್‌ವರೆಗೆ ಎಷ್ಟೋ ರೋಗಗಳ ಪತ್ತೆಗೆ ಅದನ್ನು ನೆಚ್ಚಿಕೊಂಡಿದ್ದೇವೆ. ಹಾಗಾಗಿ ಯಂತ್ರವನ್ನು ದೂರುವುದರಲ್ಲಿ ಅರ್ಥವಿಲ್ಲ. ಗುಳಿಯ ತಳಕ್ಕೆ ಏನು ಅಂಟಿಸಿದ್ದಾರೆ ಎಂಬುದು ಮಾತ್ರ ಬಹಳ ಮುಖ್ಯ. ಯೀಸ್ಟಿನ ಇಡೀ ಕೋಶವನ್ನು ಅರೆದು ತೆಗೆದ ಸಾರ ಒಂದು ಥರ, ಕೋಶಭಿತ್ತಿಯ ಸಕ್ಕರೆ ಸರಪಳಿಗಳು ಹೆಚ್ಚಾಗಿರುವ ಸಾರ ಇನ್ನೊಂದು ಥರ. ಬಿಯರ್ ತಯಾರಿಯಿಂದ ಉಳಿದ ಯೀಸ್ಟಾದರೆ ಅದರಲ್ಲಿ ಬಾರ್ಲಿಯ ಪ್ರೋಟೀನಿನ ಪಸೆ ಇರಬಹುದು. ಒಂದು ಲ್ಯಾಬಿನ ಸಾರ ಇನ್ನೊಂದು ಲ್ಯಾಬಿನದರಂತೆ ಇರಲೇಬೇಕೆಂದಿಲ್ಲ. ಒಂದೇ ಪ್ರಭೇದದ ಎರಡು ಸಾಲು ಎರಡು ಬಣ್ಣ ತೋರಿಸುವುದಕ್ಕೆ ಇಷ್ಟೇ ಸಾಕು. ಸಂಖ್ಯೆಗಳು ಗಡಿಯ ಆಚೆ ಈಚೆ ಇದ್ದರಂತೂ ಮುಗಿಯಿತು: ಗಡಿಗಿಂತ ಕೂದಲೆಳೆಯಷ್ಟು ಮೇಲಿದ್ದದ್ದು ಕೆಂಪು, ಕೂದಲೆಳೆಯಷ್ಟು ಕೆಳಗಿದ್ದದ್ದು ಹಸಿರು. ಆದ್ದರಿಂದ ಬಣ್ಣ ನೋಡಿ ಗಾಬರಿಯಾಗುವ ಮೊದಲು ಪಕ್ಕದ ಸಂಖ್ಯೆ ನೋಡಿ, ಗಡಿ ಎಲ್ಲಿದೆ ನೋಡಿ.

ಗಡಿ ಎಂದೆನಲ್ಲ, ಅಲ್ಲಿಯೂ ಒಂದು ಲೆಕ್ಕವಿದೆ. ಆರೋಗ್ಯವಾಗಿರುವ 100 ಜನರನ್ನು ಅಳೆದು, ಅತಿ ಹೆಚ್ಚು ಬಂದ 5 ಜನರ ಮಟ್ಟವನ್ನು ‘ಹೆಚ್ಚು’ ಎಂದು ಇಟ್ಟುಕೊಂಡೆವು ಅನ್ನಿ. ಆಗ ಯಾವ ತೊಂದರೆಯೂ ಇಲ್ಲದವರಿಗೂ ಒಂದು ಆಹಾರ ಕೆಂಪಾಗುವ ಸಂಭವ 5%. ಇಂಥ 100 ಆಹಾರಗಳನ್ನು ಒಮ್ಮೆಗೇ ಪರೀಕ್ಷಿಸಿದರೆ ಸರಾಸರಿ 5 ಕೆಂಪು ಬಂದೇ ಬರುತ್ತವೆ. ಒಂದರ ಫಲಿತಾಂಶಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ಹಿಡಿದರೆ, ಒಂದೂ ಕೆಂಪಿಲ್ಲದ ವರದಿ ಸಿಗುವ ಸಂಭವ 1%ಗಿಂತ ಕಡಿಮೆ. ಪಟ್ಟಿ ಉದ್ದವಾದಷ್ಟೂ ಪರೀಕ್ಷೆ ಸಮಗ್ರ ಎಂದು ನಮಗನ್ನಿಸುತ್ತದೆ. ಲೆಕ್ಕ ಹೇಳುವುದು, ಪಟ್ಟಿ ಉದ್ದವಾದಷ್ಟೂ ಸುಳ್ಳು ಕೆಂಪುಗಳು ಹೆಚ್ಚು ಎಂದು.

ಇನ್ನು ವರದಿಯಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿರುವ ವಿಷಯಕ್ಕೆ ಬರೋಣ. ಯಾವ ಪ್ರತಿಕಾಯವನ್ನು ಅಳೆದಿದ್ದಾರೆ? ಇದನ್ನು ಹುಡುಕಿ ಓದಲೇಬೇಕು.

ನಿಜವಾದ ತಕ್ಷಣದ ಅಲರ್ಜಿಗೆ ಕಾರಣವಾಗುವುದು ಐಜಿಇ ಎಂಬ ಪ್ರತಿಕಾಯ. ಅದು ಪತ್ತೆಯಾದದ್ದು 1960ರ ದಶಕದ ಎರಡನೆಯ ಭಾಗದಲ್ಲಿ. ಶೇಂಗಾ ತಿಂದು ನಿಮಿಷಗಳಲ್ಲಿ ತುಟಿ ಊದಿ ಉಸಿರು ಕಟ್ಟುವವರಲ್ಲಿ ಕೆಲಸ ಮಾಡುವುದು ಇದು. ಇನ್‌ಟಾಲರೆನ್ಸ್ ಹೆಸರಿನ ಪರೀಕ್ಷೆಗಳಲ್ಲಿ ಹೆಚ್ಚಿನವು ಅಳೆಯುವುದು ಐಜಿಜಿಯನ್ನು, ಅಥವಾ ಅದರ ನಾಲ್ಕು ಉಪವರ್ಗಗಳಲ್ಲಿ ಒಂದಾದ ಐಜಿಜಿ4ನ್ನು. ಐಜಿಇ, ಐಜಿಜಿ ಇವೆರಡರ ಕೆಲಸ ಬೇರೆ ಬೇರೆ. ನಾವು ತಿಂದ ಆಹಾರದ ಪ್ರೋಟೀನಿನ ಸಣ್ಣ ಅಂಶ ಜೀರ್ಣವಾಗದೆ ಕರುಳನ್ನು ದಾಟಿ ರಕ್ತಕ್ಕೆ ಸೇರುತ್ತದೆ, ಆರೋಗ್ಯವಂತರಲ್ಲೂ ಸೇರುತ್ತದೆ. ರೋಗನಿರೋಧಕ ವ್ಯವಸ್ಥೆ ಅದನ್ನು ಗುರುತು ಹಿಡಿದು ಐಜಿಜಿ ತಯಾರಿಸುತ್ತದೆ. ಮನೆಗೆ ಬಂದುಹೋದವರ ಹೆಸರು ಬರೆದಿಟ್ಟ ಪುಸ್ತಕ ಇದ್ದ ಹಾಗೆ ಅದು: ಯಾರು ಬಂದಿದ್ದರು ಎಂದು ತಿಳಿಯುತ್ತದೆ, ಕಳವು ಯಾರು ಮಾಡಿದರು ಎಂದು ತಿಳಿಯುವುದಿಲ್ಲ.

ಐಜಿಜಿ4 ಏರುವುದು ಎಷ್ಟೋ ಸಲ ಒಳ್ಳೆಯ ಲಕ್ಷಣ ಎನ್ನುವುದು ಹಲವರಿಗೆ ಗೊತ್ತಿಲ್ಲ. ಜೇನು ಸಾಕುವವರು ನೋಡಿ. ವರ್ಷವರ್ಷ ಜೇನುಹುಳುಗಳಿಂದ ಕಚ್ಚಿಸಿಕೊಂಡೂ ಏನೂ ಆಗದವರ ರಕ್ತದಲ್ಲಿ ಜೇನಿನ ವಿಷಕ್ಕೆ ಐಜಿಜಿ4 ಬಹಳ ಹೆಚ್ಚಿರುತ್ತದೆ. ಆಹಾರದ ಅಲರ್ಜಿ ಇರುವ ಮಕ್ಕಳಿಗೆ ವೈದ್ಯರು ಅದೇ ಆಹಾರವನ್ನು ಚೂರು ಚೂರಾಗಿ ಕೊಟ್ಟು ಒಗ್ಗಿಸುವ ಚಿಕಿತ್ಸೆ ಮಾಡುತ್ತಾರಲ್ಲ, ಅಲ್ಲೂ ಮಗುವಿಗೆ ಆಹಾರ ಒಗ್ಗುತ್ತಾ ಬಂದಂತೆ ಐಜಿಜಿ4 ಏರುತ್ತದೆ. ಅದೇ ಏರಿಕೆ ಇನ್ನೊಂದು ವರದಿಯಲ್ಲಿ ಕೆಂಪು ಬಣ್ಣ ಪಡೆದು ‘ಈ ಆಹಾರ ನಿಮಗಾಗದು’ ಎಂದು ಅಚ್ಚಾಗಿ ಬರುತ್ತದೆ. ಇದು ನನಗೆ ಬಹಳ ಬೇಸರ ತರುವ ಸಂಗತಿ, ಏಕೆಂದರೆ ಆ ಹಾಳೆಯನ್ನು ನಂಬಿ ಜನ ತಮಗೆ ಒಗ್ಗುವ ಆಹಾರವನ್ನೇ ಬಿಟ್ಟುಬಿಡುತ್ತಾರೆ.

ಇದು ನನ್ನೊಬ್ಬರ ಅಭಿಪ್ರಾಯವಲ್ಲ. ಯುರೋಪಿನ ಅಲರ್ಜಿ ತಜ್ಞರ ಸಂಘಟನೆ ಇಎಎಸಿಐ 2008ರಲ್ಲಿ, ಆಹಾರಕ್ಕೆ ಐಜಿಜಿ4 ಇರುವುದು ಆ ಆಹಾರವನ್ನು ದೇಹ ಪದೇ ಪದೇ ಕಂಡಿದೆ ಎಂಬುದರ ಸೂಚನೆ, ರೋಗಪತ್ತೆಗೆ ಇದನ್ನು ಬಳಸಬಾರದು ಎಂದಿತು. ಅಮೆರಿಕದ ತಜ್ಞರ ಅಕಾಡೆಮಿ 2010ರಲ್ಲಿ ಅದಕ್ಕೆ ದನಿಗೂಡಿಸಿತು. ಕೆನಡಾದ ಸಂಘ 2012ರಲ್ಲಿ ಇದನ್ನೇ ಹೇಳಿತು. ತಲೆಗೂದಲು ಕಳಿಸಿ ಮಾಡಿಸುವ ಪರೀಕ್ಷೆ, ಚರ್ಮಕ್ಕೆ ವಿದ್ಯುತ್ ಕಡ್ಡಿ ತಾಗಿಸುವ ಪರೀಕ್ಷೆ, ಕೈ ಒತ್ತಿ ಸ್ನಾಯುಬಲ ನೋಡುವ ಪರೀಕ್ಷೆ, ಇವುಗಳ ಬಗ್ಗೆ ಹೆಚ್ಚು ಹೊತ್ತು ಕಳೆಯುವುದಿಲ್ಲ. ಅವುಗಳಲ್ಲಿ ಯೀಸ್ಟ್ ಎಂದು ಬಂದಿದ್ದರೆ ಅದನ್ನು ಬದಿಗಿಡಿ.

ಈಗ ಬ್ರೆಡ್ ಮುಟ್ಟದವರಿಗೂ ಯೀಸ್ಟ್ ಕೆಂಪು ಬರುವುದು ಹೇಗೆಂಬ ಪ್ರಶ್ನೆ. ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಇನ್ನೊಂದು ಯೀಸ್ಟ್ ಇದೆ. ಅದು ನಾವು ತಿನ್ನುವ ಯೀಸ್ಟಲ್ಲ, ನಮ್ಮ ಬಾಯಿ ಮತ್ತು ಕರುಳಲ್ಲಿ ಚಿಕ್ಕಂದಿನಿಂದ ನೆಲೆಸಿರುವುದು. ಬಹಳಷ್ಟು ಆರೋಗ್ಯವಂತರಲ್ಲಿ ಯಾವ ಕಾಟವನ್ನೂ ಕೊಡದೆ ಇರುತ್ತದೆ. ಇದರ ಕೋಶಭಿತ್ತಿಯಲ್ಲೂ ಬೇಕರ್ಸ್ ಯೀಸ್ಟಿನ ಕೋಶಭಿತ್ತಿಯಲ್ಲೂ ಮ್ಯಾನನ್ ಎಂಬ ಒಂದೇ ಬಗೆಯ ಸಕ್ಕರೆ ಸರಪಳಿಗಳಿವೆ. ಕ್ಯಾಂಡಿಡಾ ಕಂಡು ತಯಾರಾದ ಪ್ರತಿಕಾಯ ಬೇಕರ್ಸ್ ಯೀಸ್ಟಿನ ಗುಳಿಗೂ ಹೋಗಿ ಅಂಟಬಲ್ಲದು. ಅಂದರೆ ಕೆಂಪು ಪಟ್ಟಿ ನೀವು ತಿಂದದ್ದರ ಗುರುತೂ ಆಗಿರದೆ, ನಿಮ್ಮೊಳಗೆ ಮೊದಲಿಂದ ಇರುವ ಜೀವಿಯ ಗುರುತಾಗಿರಬಹುದು. ಎಗ್ಜಿಮಾ ಎಂಬ ತುರಿಕೆಯ ಚರ್ಮರೋಗ ಇರುವವರ ಚರ್ಮದಲ್ಲಿ ವಾಸಿಸುವ ಮಲಸೇಜಿಯಾ ಯೀಸ್ಟಿನ ವಿಷಯದಲ್ಲೂ ಇಂಥ ಅಡ್ಡ ಗುರುತು ಸಿಗುತ್ತದೆ.

ಯೀಸ್ಟಿನ ಪ್ರತಿಕಾಯಕ್ಕೆ ವೈದ್ಯಕೀಯದಲ್ಲಿ ಅರ್ಥವೇ ಇಲ್ಲ ಎಂದುಕೊಳ್ಳಬೇಡಿ. ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯಲ್ಲಿ ಬೇಕರ್ಸ್ ಯೀಸ್ಟಿಗೆ ಪ್ರತಿಕಾಯಗಳು ಹೆಚ್ಚಿರುವುದನ್ನು 1988ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಸ್ಕಾ ಎಂಬ ಹೆಸರಿನಲ್ಲಿ ಆ ಪರೀಕ್ಷೆ ಇಂದಿಗೂ ಇದೆ. ಕ್ರೋನ್ಸ್ ಇರುವವರಲ್ಲಿ ಸುಮಾರು ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದು ಪಾಸಿಟಿವ್. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆಯಲ್ಲೂ ಸಿಗುತ್ತದೆ, ಕೆಲವು ಆರೋಗ್ಯವಂತರಲ್ಲೂ ಸಿಗುತ್ತದೆ. ಆದ್ದರಿಂದ ಅದೊಂದನ್ನೇ ಹಿಡಿದು ಯಾರೂ ಕ್ರೋನ್ಸ್ ಎಂದು ತೀರ್ಮಾನಿಸುವುದಿಲ್ಲ. ಆದರೆ ವರದಿಯಲ್ಲಿ ಯೀಸ್ಟ್ ಕೆಂಪಾಗಿದ್ದು, ಜೊತೆಗೆ ತೂಕ ಇಳಿಯುತ್ತಿದೆ, ಮಲದಲ್ಲಿ ರಕ್ತ ಹೋಗುತ್ತಿದೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿಯಿದೆ, ಜ್ವರ ಬಂದುಹೋಗುತ್ತಿದೆ, ರಕ್ತಹೀನತೆಯಿದೆ ಎಂದಾದರೆ ಬ್ರೆಡ್ ಬಿಟ್ಟು ಕಾಯುತ್ತಾ ಕೂರಬಾರದು. ಆ ಲಕ್ಷಣಗಳೇ ವೈದ್ಯರ ಬಳಿ ಹೋಗಲು ಸಾಕಾದ ಕಾರಣ. ವರದಿ ಹಸಿರಿದ್ದರೂ ಹೋಗಬೇಕು.

ಕ್ಯಾಂಡಿಡಾ ಬಂತೆಂದರೆ ಅದರ ಹಿಂದೆ ಇನ್ನೊಂದು ದೊಡ್ಡ ಗೋಜಲು ಬರುತ್ತದೆ. 1980ರ ದಶಕದಲ್ಲಿ, ಸುಸ್ತು, ತಲೆನೋವು, ಖಿನ್ನತೆ, ಹೊಟ್ಟೆ ಉಬ್ಬರ ಎಲ್ಲಕ್ಕೂ ಕರುಳಿನಲ್ಲಿ ಕ್ಯಾಂಡಿಡಾ ಮಿತಿಮೀರಿ ಬೆಳೆದದ್ದೇ ಕಾರಣ ಎಂಬ ವಾದ ಅಮೆರಿಕದಲ್ಲಿ ಬಹಳ ಜನಪ್ರಿಯವಾಯಿತು. ಅದನ್ನು ಪರೀಕ್ಷೆಗೆ ಒಡ್ಡಿದ ಅಧ್ಯಯನ 1990ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಇಂಥ ಲಕ್ಷಣಗಳಿದ್ದ 42 ಮಹಿಳೆಯರಿಗೆ ಯೀಸ್ಟ್ ಕೊಲ್ಲುವ ನಿಸ್ಟಾಟಿನ್ ಔಷಧಿಯನ್ನೂ ಔಷಧಿಯಿಲ್ಲದ ಹುಸಿ ಮಾತ್ರೆಯನ್ನೂ, ಯಾವುದು ಯಾವುದೆಂದು ಅವರಿಗೂ ವೈದ್ಯರಿಗೂ ಗೊತ್ತಾಗದಂತೆ ಕೊಟ್ಟರು. ಸುಸ್ತು, ಖಿನ್ನತೆಯಂಥ ಒಟ್ಟಾರೆ ಲಕ್ಷಣಗಳಲ್ಲಿ ನಿಸ್ಟಾಟಿನ್ ಹುಸಿ ಮಾತ್ರೆಗಿಂತ ಹೆಚ್ಚು ಗುಣ ಕೊಡಲಿಲ್ಲ. ಬಾಯಿಯಲ್ಲಿ ಬಿಳಿ ಪದರ ಕಟ್ಟುವ ಸೋಂಕು, ಯೋನಿಯ ಸೋಂಕು, ರೋಗನಿರೋಧಕ ಶಕ್ತಿ ಕುಗ್ಗಿದವರ ರಕ್ತದ ಸೋಂಕು, ಇವೆಲ್ಲ ಕ್ಯಾಂಡಿಡಾದಿಂದ ಬರುವ ನಿಜವಾದ ಕಾಯಿಲೆಗಳು, ಅವಕ್ಕೆ ಚಿಕಿತ್ಸೆ ಬೇಕು. ಎಲ್ಲರ ಎಲ್ಲ ಸುಸ್ತಿಗೂ ಅದೇ ಮೂಲ ಎಂಬ ಮಾತಿಗೆ ಮಾತ್ರ ಆಧಾರ ಸಿಗಲಿಲ್ಲ.

ಆ ಹಳೆಯ ವಾದದ ನೆರಳು ಇಂದಿನ ಪಥ್ಯದ ಪಟ್ಟಿಗಳ ಮೇಲೂ ಬಿದ್ದಿದೆ. ಯೀಸ್ಟ್ ಕೆಂಪು ಬಂದವರ ಕೈಗೆ ಕೊಡುವ ‘ಬಿಡಬೇಕಾದ್ದು’ ಪಟ್ಟಿಯನ್ನು ಒಮ್ಮೆ ಗಮನಿಸಿ. ಬ್ರೆಡ್, ಬಿಯರ್, ವೈನ್ ಸರಿ, ಅವುಗಳಿಗೂ ಯೀಸ್ಟಿಗೂ ಸಂಬಂಧವಿದೆ. ಸಕ್ಕರೆ, ಹಣ್ಣು ಏಕೆ? ಯೀಸ್ಟ್ ಸಕ್ಕರೆ ತಿಂದು ಬೆಳೆಯುತ್ತದೆ ಎಂಬ ಕ್ಯಾಂಡಿಡಾ ವಾದದಿಂದ. ಅಣಬೆ ಏಕೆ? ಅದೂ ಶಿಲೀಂಧ್ರವೆಂಬ ಕಾರಣಕ್ಕೆ. ಚೀಸ್, ವಿನೆಗರ್, ಒಣಹಣ್ಣು ಏಕೆ? ಬೂಷ್ಟು, ಹುದುಗುವಿಕೆ ಎಂಬ ಸಡಿಲ ಹೋಲಿಕೆಯಿಂದ. ತಿಂದ ಯೀಸ್ಟಿಗೆ ದೇಹ ತಿರುಗಿಬೀಳುತ್ತದೆ ಎಂಬುದು ಒಂದು ಊಹೆ. ಒಳಗಿರುವ ಯೀಸ್ಟ್ ಸೊಕ್ಕಿದೆ ಎಂಬುದು ಬೇರೆಯೇ ಊಹೆ. ಎರಡನ್ನೂ ಕಲಸಿ ಒಂದೇ ಪಟ್ಟಿ ಮಾಡಿದಾಗ ತಿನ್ನಲು ಉಳಿಯುವುದು ಬಹಳ ಕಡಿಮೆ. ನಿಮ್ಮ ಪಟ್ಟಿಯ ಒಂದೊಂದು ಹೆಸರಿನ ಮುಂದೆಯೂ ‘ಇದು ಏಕೆ?’ ಎಂದು ಬರೆದು, ಪಟ್ಟಿ ಕೊಟ್ಟವರನ್ನೇ ಕೇಳಿ.

ಇಷ್ಟು ಹೇಳಿದ ಮೇಲೆ ಸಭೆಯಲ್ಲಿ ಯಾರಾದರೂ ಕೈಯೆತ್ತಿ, ‘ಯೀಸ್ಟ್ ಬಿಟ್ಟ ಮೇಲೆ ನನಗೆ ನಿಜವಾಗಿಯೂ ಚೆನ್ನಾಗಾಯಿತಲ್ಲ?’ ಎಂದು ಕೇಳುತ್ತಾರೆ. ನಾನು ಆ ಮಾತನ್ನು ಪೂರ್ತಿ ನಂಬುತ್ತೇನೆ. ಚೆನ್ನಾಗಾದದ್ದು ನಿಜ. ಏನನ್ನು ಬಿಟ್ಟದ್ದರಿಂದ ಎಂಬುದನ್ನು ಬಿಡಿಸಿ ನೋಡಬೇಕು.

ಬ್ರೆಡ್ ಬಿಟ್ಟಾಗ ಯೀಸ್ಟ್ ಒಂದೇ ಹೋಗುವುದಿಲ್ಲ. ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಪಿಷ್ಟದಂಥ ಪದಾರ್ಥವೂ ಹೋಗುತ್ತದೆ. ಮನುಷ್ಯರ ಸಣ್ಣಕರುಳಿಗೆ ಅದನ್ನು ಒಡೆಯುವ ಶಕ್ತಿಯಿಲ್ಲ. ಅದು ದೊಡ್ಡಕರುಳಿಗಿಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗಿ ಗ್ಯಾಸ್ ಆಗುತ್ತದೆ. ಕರುಳು ಸೂಕ್ಷ್ಮವಿರುವವರಿಗೆ ಉಬ್ಬರ, ನೋವು. 2018ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ, ತಮಗೆ ಗ್ಲುಟೆನ್ ಆಗುವುದಿಲ್ಲ ಎನ್ನುತ್ತಿದ್ದ, ಸೀಲಿಯಾಕ್ ಇಲ್ಲದ 59 ಜನರಿಗೆ ನೋಡಲು ಒಂದೇ ಥರ ಇದ್ದ ಮೂರು ಬಗೆಯ ತಿನಿಸನ್ನು ಒಂದೊಂದು ವಾರ ಕೊಟ್ಟರು. ಒಂದರಲ್ಲಿ ಗ್ಲುಟೆನ್, ಒಂದರಲ್ಲಿ ಫ್ರಕ್ಟಾನ್, ಒಂದರಲ್ಲಿ ಎರಡೂ ಇಲ್ಲ. ಅತಿ ಹೆಚ್ಚು ತೊಂದರೆ ಗ್ಲುಟೆನ್ ವಾರದಲ್ಲಿ ಆದವರು 13 ಜನ, ಫ್ರಕ್ಟಾನ್ ವಾರದಲ್ಲಿ 24 ಜನ, ಎರಡೂ ಇಲ್ಲದ ವಾರದಲ್ಲಿ 22 ಜನ. ಆ ಕೊನೆಯ ಸಂಖ್ಯೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಆ 22 ಜನರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ತಿಂದರೆ ಏನಾದರೂ ಆಗುತ್ತದೆ ಎಂದು ಕಾಯುವ ಕರುಳಿಗೆ ನಿಜವಾಗಿಯೂ ನೋವಾಗುತ್ತದೆ.

ಇಲ್ಲಿ ಯೀಸ್ಟಿನ ಪರವಾಗಿ ಒಂದು ಮಾತು ಹೇಳಲೇಬೇಕು. ಹಿಟ್ಟು ಹುದುಗುವಾಗ ಫ್ರಕ್ಟಾನನ್ನು ಒಡೆಯುವುದು ಯೀಸ್ಟಿನದೇ ಕಿಣ್ವ. ಒಂದೇ ಗಂಟೆ ಹುದುಗಿಸಿ ಬೇಯಿಸಿದ ಬ್ರೆಡ್ಡಿಗಿಂತ ನಾಲ್ಕು ಗಂಟೆಗೂ ಹೆಚ್ಚು ಹುದುಗಲು ಬಿಟ್ಟ ಬ್ರೆಡ್ಡಿನಲ್ಲಿ ಹೊಟ್ಟೆ ಉಬ್ಬಿಸುವ ಇಂಥ ಪದಾರ್ಥಗಳು ಕಡಿಮೆ. ಅವಸರದ ಬ್ರೆಡ್ ಆಗದವರಿಗೆ ನಿಧಾನವಾಗಿ ಹುದುಗಿಸಿದ ಬ್ರೆಡ್ ಒಗ್ಗುವುದು ಇದಕ್ಕೇ. ವರದಿ ಯಾರ ಮೇಲೆ ತಪ್ಪು ಹೊರಿಸಿತ್ತೋ, ಈ ವಿಷಯದಲ್ಲಿ ಅದೇ ನೆರವಿಗೆ ಬರುತ್ತಿರುತ್ತದೆ.

ಬಿಯರ್, ವೈನ್ ಬಿಟ್ಟವರ ವಿಷಯವೂ ಹಾಗೇ. ಯೀಸ್ಟಿನ ಜೊತೆ ಆಲ್ಕೋಹಾಲ್, ಹುದುಗುವಾಗ ಹುಟ್ಟುವ ಹಿಸ್ಟಮಿನ್, ಕೆಡದಂತೆ ಸೇರಿಸುವ ಸಲ್ಫೈಟ್ ಎಲ್ಲ ಹೋದವು. ತಲೆನೋವು ನಿಲ್ಲಲು ಅವುಗಳಲ್ಲಿ ಯಾವುದಾದರೂ ಕಾರಣವಿರಬಹುದು.

ಐಜಿಜಿ ಆಧರಿಸಿದ ಪಥ್ಯದ ಪರವಾಗಿ ಬಂದಿರುವ ಅಧ್ಯಯನಗಳನ್ನೂ ಮುಚ್ಚಿಡಬಾರದು. 2004ರಲ್ಲಿ ಬ್ರಿಟನ್ನಿನಲ್ಲಿ ಐಬಿಎಸ್ (ಹೊಟ್ಟೆನೋವು, ಮಲವಿಸರ್ಜನೆಯ ಏರುಪೇರು ಪದೇ ಪದೇ ಕಾಡುವ ಕರುಳಿನ ತೊಂದರೆ) ಇರುವ 150 ಜನರ ಮೇಲೆ ನಡೆದ ಅಧ್ಯಯನದಲ್ಲಿ, ವರದಿಯಂತೆ ಪಥ್ಯ ಮಾಡಿದವರಿಗೆ, ವರದಿಗೆ ಸಂಬಂಧವಿಲ್ಲದ ಆಹಾರ ಬಿಟ್ಟು ಹುಸಿ ಪಥ್ಯ ಮಾಡಿದವರಿಗಿಂತ ಸ್ವಲ್ಪ ಹೆಚ್ಚು ಗುಣ ಕಂಡಿತು. ಆದರೆ ಅಲ್ಲಿ ಯೀಸ್ಟಿನ ಜೊತೆ ಹಾಲು, ಗೋಧಿಗಳೂ ಬಹಳ ಜನರ ಪಟ್ಟಿಯಲ್ಲಿದ್ದವು. ಇವೆರಡನ್ನು ಬಿಟ್ಟರೆ ಐಬಿಎಸ್ ಇರುವವರಿಗೆ ಯಾವ ಪರೀಕ್ಷೆಯೂ ಇಲ್ಲದೆ ಹಗುರವೆನಿಸುವುದುಂಟು. 2025ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ವರದಿಯಂತೆ ಪಥ್ಯ ಮಾಡಿದವರಲ್ಲಿ ಸುಮಾರು 60% ಜನರಿಗೆ ಹೊಟ್ಟೆನೋವು ಇಳಿಯಿತು, ಹುಸಿ ಪಥ್ಯದವರಲ್ಲಿ ಸುಮಾರು 42% ಜನರಿಗೆ. ವ್ಯತ್ಯಾಸ ಇದೆ, ಅದನ್ನು ಇತರರು ಮತ್ತೆ ಮಾಡಿ ನೋಡಬೇಕು. ಯಾವುದೋ ಸಂಬಂಧವಿಲ್ಲದ ಆಹಾರ ಬಿಟ್ಟವರಲ್ಲೂ ಹತ್ತರಲ್ಲಿ ನಾಲ್ವರಿಗೆ ಗುಣ ಕಂಡಿತು ಎನ್ನುವುದು, ‘ಬಿಟ್ಟೆ, ವಾಸಿಯಾಯಿತು’ ಎಂಬ ಅನುಭವವನ್ನು ತೂಗುವಾಗ ನೆನಪಿನಲ್ಲಿರಬೇಕು.

ಇನ್ನೊಂದು ವಿಷಯ. ಇವತ್ತು ಬೇರೇನು ಮರೆತರೂ ಇದನ್ನು ಮರೆಯಬೇಡಿ. ಬ್ರೆಡ್ ಬಿಡುವ ಮೊದಲು ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಟಿಟಿಜಿ-ಐಜಿಎ ಎಂಬ ಪ್ರತಿಕಾಯ, ಜೊತೆಗೆ ಒಟ್ಟು ಐಜಿಎ ಮಟ್ಟ. ಗ್ಲುಟೆನ್ ತಿನ್ನುತ್ತಿರುವಾಗ ಮಾತ್ರ ಈ ಪರೀಕ್ಷೆಯನ್ನು ನಂಬಬಹುದು. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ ಕೊಟ್ಟ ಮಾರ್ಗಸೂಚಿ, ಪರೀಕ್ಷೆಗೆ ಮುಂಚೆ ಕನಿಷ್ಠ 6 ವಾರ ದಿನವೂ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗ್ಲುಟೆನ್ ಇರಬೇಕು ಎನ್ನುತ್ತದೆ. ‘ಯೀಸ್ಟ್’ ಎಂದು ಬ್ರೆಡ್ ಬಿಟ್ಟವರು ಗೊತ್ತಿಲ್ಲದೆಯೇ ಗ್ಲುಟೆನ್ನನ್ನು ಬಹುಪಾಲು ಬಿಟ್ಟಿರುತ್ತಾರೆ. ಲಕ್ಷಣ ಕಡಿಮೆಯಾಗುತ್ತದೆ, ಮುಂದೆ ಪರೀಕ್ಷೆ ಮಾಡಿಸಿದರೆ ನೆಗೆಟಿವ್ ಬರುತ್ತದೆ, ಜೀವನವಿಡೀ ಎಚ್ಚರ ಬೇಕಾದ ಕಾಯಿಲೆಯೊಂದು ಯೀಸ್ಟಿನ ಹೆಸರಿನಲ್ಲಿ ಅಡಗಿ ಕೂರುತ್ತದೆ. ಒಂದು ತಪ್ಪು ವರದಿಯಿಂದ ಆಗಬಹುದಾದ ಅತಿ ದೊಡ್ಡ ನಷ್ಟ ನನ್ನ ಪ್ರಕಾರ ಇದು.

ಸೀಲಿಯಾಕ್ ಇಲ್ಲ ಎಂದಾಯಿತು, ಅಪಾಯದ ಲಕ್ಷಣಗಳೂ ಇಲ್ಲ, ತಿಂದ ಕೂಡಲೇ ಊತ ದದ್ದುಗಳಾದ ಇತಿಹಾಸವಿಲ್ಲ. ಆಗ ಯೀಸ್ಟ್ ನಿಜವಾಗಿ ಆಗುತ್ತದೋ ಇಲ್ಲವೋ ಎಂದು ತಿಳಿಯಲು ತಿಂದು ನೋಡುವುದೇ ದಾರಿ. ಎರಡರಿಂದ ನಾಲ್ಕು ವಾರ ಯೀಸ್ಟ್ ಇರುವುದನ್ನು ಬಿಡಿ, ದಿನವೂ ಲಕ್ಷಣಗಳನ್ನು ಬರೆದಿಡಿ. ಏನೂ ಬದಲಾಗದಿದ್ದರೆ ಯೀಸ್ಟಿನ ಮೇಲಿನ ಅನುಮಾನವನ್ನು ಅಲ್ಲಿಗೇ ಬಿಟ್ಟು ಎಲ್ಲವನ್ನೂ ಮೊದಲಿನಂತೆ ತಿನ್ನಿ. ಬದಲಾದರೆ ಮತ್ತೆ ಸೇರಿಸಬೇಕು. ಹೆಚ್ಚಿನವರು ಕೈಬಿಡುವುದು ಈ ಹಂತವನ್ನು. ಸೇರಿಸುವಾಗ ಗೋಧಿಯನ್ನೂ ಯೀಸ್ಟನ್ನೂ ಬೇರ್ಪಡಿಸಿ. ಮೂರು ದಿನ ಯೀಸ್ಟ್ ಹಾಕದೆ ಅದೇ ಗೋಧಿ ಹಿಟ್ಟಿನಿಂದ ಮಾಡಿದ ತೆಳು ರೊಟ್ಟಿ ತಿನ್ನಿ. ಕೆಲವು ದಿನ ಬಿಟ್ಟು, ಗೋಧಿಯಿಲ್ಲದ ಊಟದ ಮೇಲೆ ನ್ಯೂಟ್ರಿಷನಲ್ ಯೀಸ್ಟ್ ಉದುರಿಸಿಕೊಂಡು ಮೂರು ದಿನ ತಿನ್ನಿ. ಅದು ಬಿಸಿಯಿಂದ ನಿಷ್ಕ್ರಿಯಗೊಳಿಸಿದ ಅದೇ ಸ್ಯಾಕರೊಮೈಸಿಸ್. ರೊಟ್ಟಿಗೆ ಹೊಟ್ಟೆ ಉಬ್ಬಿ, ಯೀಸ್ಟಿಗೆ ಏನೂ ಆಗದಿದ್ದರೆ ಉತ್ತರ ಸಿಕ್ಕಿತು. ಸಾಧ್ಯವಾದರೆ ಮನೆಯವರೊಬ್ಬರು ಯೀಸ್ಟನ್ನು ಒಂದು ವಾರ ಹಾಕಿ, ಒಂದು ವಾರ ಹಾಕದೆ, ಯಾವಾಗ ಹಾಕಿದರೆಂದು ಹೇಳದೆ ಗಾಢ ರುಚಿಯ ಅಡುಗೆಯಲ್ಲಿ ಬೆರೆಸಿ ಕೊಡಲಿ. ಖಿನ್ನತೆಗೆ ಎಂಎಓ ಇನ್‌ಹಿಬಿಟರ್ ಮಾತ್ರೆ ತೆಗೆದುಕೊಳ್ಳುವವರು ಇದಕ್ಕೆ ಕೈಹಾಕಬೇಡಿ. ಯೀಸ್ಟಿನ ಉತ್ಪನ್ನಗಳಲ್ಲಿ, ಅದರಲ್ಲೂ ಯೀಸ್ಟ್ ಎಕ್ಸ್‌ಟ್ರಾಕ್ಟ್‌ನಲ್ಲಿ ಇರುವ ಟೈರಮಿನ್ ಎಂಬ ಪದಾರ್ಥ ಅವರ ರಕ್ತದೊತ್ತಡವನ್ನು ಅಪಾಯಕಾರಿಯಾಗಿ ಏರಿಸಬಲ್ಲದು.

ಇನ್ನು ಸಭಿಕರ ಪ್ರಶ್ನೆಗಳು.

‘ಬ್ರೆಡ್ ತಿಂದು ಹತ್ತು ನಿಮಿಷಕ್ಕೇ ತುಟಿ ಊದುತ್ತದೆ. ನಾನೂ ಮನೆಯಲ್ಲಿ ಹೀಗೆ ಪರೀಕ್ಷಿಸಬಹುದೇ?’

ದಯವಿಟ್ಟು ಬೇಡ. ಇದು ಐಜಿಇ ಅಲರ್ಜಿಯ ಲಕ್ಷಣ. ಅಲರ್ಜಿ ತಜ್ಞರ ಬಳಿ ಚರ್ಮದ ಚುಚ್ಚು ಪರೀಕ್ಷೆ ಮತ್ತು ನಿರ್ದಿಷ್ಟ ಐಜಿಇ ಪರೀಕ್ಷೆ ಆಗಬೇಕು. ಯೀಸ್ಟಿಗೆ ಐಜಿಇ ಅಲರ್ಜಿ ಇದೆ, ಆದರೆ ಅಪರೂಪ. ಬ್ರೆಡ್ಡಿನಲ್ಲಿ ಗೋಧಿ, ಹಾಲು, ಮೊಟ್ಟೆ, ಎಳ್ಳು, ಸೋಯಾ ಇರಬಹುದು. ಮೊದಲು ಅವನ್ನು ನೋಡುತ್ತಾರೆ. ತಿಂದ ಬ್ರೆಡ್ಡಿನ ಪೊಟ್ಟಣವನ್ನು ಎಸೆಯದೆ ಜೊತೆಗೆ ಒಯ್ಯಿರಿ. ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ.

‘ಆರು ತಿಂಗಳು ಯೀಸ್ಟ್ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದೆ. ಕೆಂಪು ಹೋಗಿ ಹಸಿರು ಬಂದಿದೆ. ವಾಸಿಯಾಯಿತೆಂದು ತಿಳಿಯಬಹುದೇ?’

ರಕ್ತದಲ್ಲಿರುವ ಐಜಿಜಿ ಸುಮಾರು 21 ದಿನಕ್ಕೆ ಅರ್ಧಕ್ಕಿಳಿಯುತ್ತದೆ. ಆಹಾರ ಕಾಣದಾದಾಗ ದೇಹ ಅದಕ್ಕೆ ಹೊಸ ಪ್ರತಿಕಾಯ ತಯಾರಿಸುವುದು ಕಡಿಮೆಯಾಗಿ ಮಟ್ಟ ಇಳಿಯುತ್ತದೆ. ನೀವು ಪಥ್ಯವನ್ನು ನಿಷ್ಠೆಯಿಂದ ಮಾಡಿದ್ದೀರಿ ಎಂದು ಆ ಹಸಿರು ಹೇಳುತ್ತಿದೆ, ಅಷ್ಟೇ. ಈಗ ನಿಮಗೆ ಹೇಗಿದೆ, ಮತ್ತೆ ತಿಂದರೆ ಏನಾಗುತ್ತದೆ ಎಂಬುದನ್ನು ನೋಡಿ. ಮೂರನೆಯ ಪರೀಕ್ಷೆಗೆ ಖರ್ಚು ಮಾಡುವ ಅಗತ್ಯವಿಲ್ಲ.

‘ನನ್ನ ಏಳು ವರ್ಷದ ಮಗಳ ವರದಿಯಲ್ಲಿ ಯೀಸ್ಟ್, ಹಾಲು, ಮೊಟ್ಟೆ, ಗೋಧಿ ನಾಲ್ಕೂ ಕೆಂಪು. ಎಲ್ಲ ನಿಲ್ಲಿಸಿದ್ದೇವೆ. ಎಷ್ಟು ದಿನ ಹೀಗೆ ಮುಂದುವರಿಸಬೇಕು?’

ಅಮ್ಮ, ಈ ವಾರವೇ ಮಕ್ಕಳ ವೈದ್ಯರನ್ನು ನೋಡಿ. ಬೆಳೆಯುವ ಮಗುವಿಗೆ ಈ ನಾಲ್ಕನ್ನೂ ಒಟ್ಟಿಗೆ ನಿಲ್ಲಿಸಿದರೆ ಪ್ರೋಟೀನು, ಕ್ಯಾಲ್ಸಿಯಂ ಎರಡಕ್ಕೂ ಕೊರತೆ ಬೀಳಬಹುದು. ಎಗ್ಜಿಮಾ ಇರುವ ಮಕ್ಕಳಲ್ಲಂತೂ, ಮೊದಲು ಒಗ್ಗುತ್ತಿದ್ದ ಹಾಲು ಮೊಟ್ಟೆಗಳನ್ನು ಬಹುಕಾಲ ನಿಲ್ಲಿಸಿ ಮತ್ತೆ ಕೊಟ್ಟಾಗ ಹೊಸದಾಗಿ ಐಜಿಇ ಅಲರ್ಜಿ ಕಾಣಿಸಿಕೊಂಡ ಉದಾಹರಣೆಗಳಿವೆ. ಹಾಗಾಗಿ ನೀವಾಗಿಯೇ ಮತ್ತೆ ಶುರುಮಾಡಬೇಡಿ, ಯಾವುದನ್ನು ಯಾವ ಕ್ರಮದಲ್ಲಿ ಕೊಡಬೇಕೆಂದು ವೈದ್ಯರು ಹೇಳಲಿ. ಹೋಗುವಾಗ ಈ ವರದಿಯ ಜೊತೆ ಮಗಳ ಎತ್ತರ, ತೂಕ ಬರೆದಿಟ್ಟ ದಾಖಲೆಯನ್ನೂ, ನಿಲ್ಲಿಸುವ ಮೊದಲು ಅವಳು ಏನೇನು ತಿನ್ನುತ್ತಿದ್ದಳು, ಯಾವುದು ತಿಂದಾಗ ಏನಾಗುತ್ತಿತ್ತು ಎಂಬ ಪಟ್ಟಿಯನ್ನೂ ಒಯ್ಯಿರಿ. ವೈದ್ಯರು ಮೊದಲು ಕೇಳುವುದು ಅವೆರಡನ್ನೇ.